ಸಿಲಿಕಾನ್ ಚಿಪ್ಪಿನ ಸೂಕ್ಷ್ಮೀಕರಣ: ಭೌತಿಕ ಮಿತಿಗಳೂ ಮುಂದಿನ ದಾರಿಗಳೂ

ಗಣಕಯಂತ್ರದ ಮೂಲಘಟಕವಾದ ಟ್ರಾನ್ಸಿಸ್ಟರನ್ನು ತಲೆಮಾರಿನಿಂದ ತಲೆಮಾರಿಗೆ ಕಿರಿದುಗೊಳಿಸುತ್ತ, ಒಂದು ಸಿಲಿಕಾನ್ ತುಣುಕಿನ ಮೇಲೆ ಮೊದಲು ಸಾವಿರಗಳಲ್ಲಿಯೂ ತರುವಾಯ ಕೋಟಿಗಳಲ್ಲಿಯೂ ಅವುಗಳನ್ನು ನೆಲೆಗೊಳಿಸುತ್ತ ಬಂದ ಅರ್ಧಶತಮಾನಕ್ಕೂ ಮಿಕ್ಕ ಪ್ರಯತ್ನಕ್ಕೆ ಸೂಕ್ಷ್ಮೀಕರಣವೆಂದು ಹೆಸರು. 1971ರಲ್ಲಿ ಅಮೆರಿಕದ ಇಂಟೆಲ್ ಸಂಸ್ಥೆ ಹೊರತಂದ 4004 ಎಂಬ ಸಂಸ್ಕಾರಕದಲ್ಲಿ 2,300 ಟ್ರಾನ್ಸಿಸ್ಟರುಗಳಿದ್ದವು. 2022ರಲ್ಲಿ ಎನ್‌ವಿಡಿಯಾ ಸಂಸ್ಥೆ ಪ್ರಕಟಿಸಿದ ಎಚ್100 ಎಂಬ ಚಿಪ್ಪಿನಲ್ಲಿ ಅವುಗಳ ಸಂಖ್ಯೆ 8,000 ಕೋಟಿ. ಈ ಕುಗ್ಗುವಿಕೆಗೆ ಕೊನೆಯುಂಟೆ, ಉಂಟಾದರೆ ಅದು ಎಲ್ಲಿ ಎಂಬ ಪ್ರಶ್ನೆ ಬಂದಾಗ ಜನ ಸಾಮಾನ್ಯವಾಗಿ ಪರಮಾಣುವಿನ ಕಡೆಗೆ ಬೊಟ್ಟುಮಾಡುತ್ತಾರೆ: ಪರಮಾಣುವಿಗಿಂತ ಕಿರಿದಾದ ತಂತಿಯನ್ನಾಗಲಿ ಗೋಡೆಯನ್ನಾಗಲಿ ಕಟ್ಟಲಾಗದಷ್ಟೆ. ಈ ಮಾತು ನಿಜ. ಆದರೆ ನಡೆದ ಸಂಗತಿ ಬೇರೆ. ಪರಮಾಣುವಿನ ಗಡಿ ಎದುರಾಗುವುದಕ್ಕೆ ಬಹಳ ಮುಂಚೆ, 2005ರ ಸುಮಾರಿನಲ್ಲಿಯೇ, ತಾಪದ ಗಡಿ ಎದುರಾಯಿತು. ಆ ಬಳಿಕ ಚಿಪ್ಪುಗಳಲ್ಲಿ ನಡೆದ ಮಾರ್ಪಾಟುಗಳಲ್ಲಿ ಬಹುಪಾಲು ಆ ಒಂದು ಗಡಿಯನ್ನು ಬಳಸಿ ಹೋಗುವ ಪ್ರಯತ್ನಗಳೇ ಆಗಿವೆ.

1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಬಾರ್ಡೀನ್ ಮತ್ತು ವಾಲ್ಟರ್ ಬ್ರಾಟನ್ ಎಂಬವರು ಜರ್ಮೇನಿಯಂ ತುಣುಕಿನ ಮೇಲೆ ಮೊದಲ ಟ್ರಾನ್ಸಿಸ್ಟರನ್ನು ಸಾಧಿಸಿದರು. 1958ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸಿನ ಜ್ಯಾಕ್ ಕಿಲ್ಬಿಯೂ 1959ರಲ್ಲಿ ಫೇರ್‌ಚೈಲ್ಡಿನ ರಾಬರ್ಟ್ ನಾಯ್ಸ್‌ನೂ ಹಲವು ಘಟಕಗಳನ್ನು ಒಂದೇ ತುಣುಕಿನಲ್ಲಿ ಮೂಡಿಸುವ ಇಂಟಿಗ್ರೇಟೆಡ್ ಸರ್ಕ್ಯೂಟನ್ನು, ಎಂದರೆ ಸಮಗ್ರ ವಿದ್ಯುನ್ಮಂಡಲವನ್ನು, ಬೇರೆಬೇರೆ ಮಾರ್ಗಗಳಿಂದ ಕಂಡುಕೊಂಡರು. ಅದೇ ಕಾಲದಲ್ಲಿ ಬೆಲ್ ಪ್ರಯೋಗಾಲಯದ ಮೊಹಮದ್ ಅಟಾಲಾ ಮತ್ತು ಡಾವೋನ್ ಕಾಂಗ್ ಅವರು, ಇಂದಿನ ಚಿಪ್ಪುಗಳಿಗೆಲ್ಲ ತಾಯಿಬೇರಾದ ಮಾಸ್ ಟ್ರಾನ್ಸಿಸ್ಟರನ್ನು ರೂಪಿಸಿದರು. ಈ ಬೆಳವಣಿಗೆಯ ನೆರಳು ನಮ್ಮ ನಾಡಿನ ಮೇಲೂ ತಡವಿಲ್ಲದೆ ಬಿದ್ದಿತೆಂಬುದನ್ನು ಇಲ್ಲಿಯೇ ಹೇಳಬೇಕು: ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ 1961ರಲ್ಲಿ ರೇಡಿಯೋ ವಾಲ್ವುಗಳೂ, 1962ರಲ್ಲಿ ಜರ್ಮೇನಿಯಂ ಅರೆವಾಹಕಗಳೂ, ಆ ದಶಕ ಮುಗಿಯುವುದರೊಳಗೆ ಸಿಲಿಕಾನ್ ಘಟಕಗಳೂ ತಯಾರಾಗತೊಡಗಿದವು. ಒಂದು ಯುಗದಿಂದ ಇನ್ನೊಂದಕ್ಕೆ ದಾಟುವ ಮೂರು ಮೆಟ್ಟಿಲುಗಳನ್ನು ಒಂದೇ ಕಾರ್ಖಾನೆ ಒಂದೇ ದಶಕದಲ್ಲಿ ಹತ್ತಿತು.

1965ರಲ್ಲಿ ಗಾರ್ಡನ್ ಮೂರ್ ಎಂಬ ರಸಾಯನವಿಜ್ಞಾನಿ, ಆವರೆಗಿನ ಕೆಲವೇ ವರ್ಷಗಳ ಅನುಭವವನ್ನು ಆಧಾರವಾಗಿಟ್ಟುಕೊಂಡು, ಒಂದು ಚಿಪ್ಪಿನಲ್ಲಿ ಅಡಕವಾಗುವ ಘಟಕಗಳ ಸಂಖ್ಯೆ ವರ್ಷವರ್ಷವೂ ಇಮ್ಮಡಿಯಾಗುತ್ತ ಹೋಗಿ ಹತ್ತು ವರ್ಷಗಳಲ್ಲಿ 65,000ವನ್ನು ಮುಟ್ಟುವುದೆಂದು ಬರೆದನು. 1975ರಲ್ಲಿ ತಾನೇ ಆ ಅವಧಿಯನ್ನು ಎರಡು ವರ್ಷಗಳಿಗೆ ಹಿಗ್ಗಿಸಿದನು. ಮೂರನ ನಿಯಮವೆಂದು ಪ್ರಸಿದ್ಧವಾದ ಈ ಹೇಳಿಕೆ ನಿಸರ್ಗದ ನಿಯಮವಲ್ಲ, ಕೈಗಾರಿಕೆಯು ತನಗೆ ತಾನೇ ಹಾಕಿಕೊಂಡ ಗಡುವು. ಅದಕ್ಕೆ ಭೌತಶಾಸ್ತ್ರದ ಆಧಾರ ಒದಗಿದ್ದು 1974ರಲ್ಲಿ, ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಮತ್ತು ಅವನ ಸಂಗಡಿಗರು ಬರೆದ ಪ್ರಬಂಧದಿಂದ. ಟ್ರಾನ್ಸಿಸ್ಟರಿನ ಉದ್ದ, ಅಗಲ, ಪದರದ ದಪ್ಪ ಮತ್ತು ಅದಕ್ಕೆ ಕೊಡುವ ವೋಲ್ಟೇಜು, ಇವೆಲ್ಲವನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಿದರೆ, ಅದು ಹೆಚ್ಚು ವೇಗವಾಗಿ ಕೆಲಸಮಾಡುವುದಲ್ಲದೆ, ಅಷ್ಟೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರುಗಳು ಕೂಡಿದರೂ ಆ ಜಾಗದಿಂದ ಹೊಮ್ಮುವ ತಾಪ ಮೊದಲಿನಷ್ಟೇ ಉಳಿಯುವುದೆಂದು ಅವರು ತೋರಿಸಿಕೊಟ್ಟರು. ವೇಗ, ಸಾಂದ್ರತೆ, ಮಿತವ್ಯಯ ಈ ಮೂರೂ ಒಂದೇ ಕೆಲಸದಿಂದ ದೊರೆಯುವುದು ಯಂತ್ರಶಿಲ್ಪದಲ್ಲಿ ಅತ್ಯಂತ ವಿರಳ. ಸಾಮಾನ್ಯವಾಗಿ ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕಾಗುತ್ತದೆ. ಮೂರನ ಹೆಸರು ಮನೆಮಾತಾಗಿ ಡೆನಾರ್ಡನ ಹೆಸರು ತಜ್ಞರಲ್ಲಿಯೇ ಉಳಿದದ್ದು ನ್ಯಾಯವಲ್ಲ. ಮೂವತ್ತು ವರ್ಷಗಳ ಕಾಲ ಗಣಕಯಂತ್ರಗಳು ತಾವಾಗಿಯೇ ಚುರುಕಾಗುತ್ತಿವೆಯೋ ಎಂಬಂತೆ ತೋರಿದ್ದಕ್ಕೆ ಕಾರಣ ಅವನು ಬಿಡಿಸಿ ಹೇಳಿದ ಈ ಅನುಪಾತವೇ.

ಈ ಅನುಪಾತ ಎಲ್ಲಿ ಮುರಿಯಿತೆಂಬುದನ್ನು ತಿಳಿಯಲು ಮಾಸ್ ಟ್ರಾನ್ಸಿಸ್ಟರಿನ ಕೆಲಸವನ್ನು ಸ್ವಲ್ಪ ಸಮೀಪದಿಂದ ನೋಡಬೇಕು. ಅದನ್ನು ಕೆರೆಯ ತೂಬಿಗೆ ಹೋಲಿಸಬಹುದು. ಸೋರ್ಸ್ ಎಂಬ ಉಗಮದಿಂದ ಡ್ರೈನ್ ಎಂಬ ನಿರ್ಗಮಕ್ಕೆ ಎಲೆಕ್ಟ್ರಾನುಗಳು ಹರಿಯುವ ಕಾಲುವೆಯೊಂದಿರುತ್ತದೆ. ಆ ಕಾಲುವೆಯ ಮೇಲೆ, ತೆಳುವಾದ ನಿರೋಧಕ ಪದರದ ಆಚೆಗೆ, ಗೇಟ್ ಎಂಬ ಲೋಹದ ದ್ವಾರವಿರುತ್ತದೆ. ದ್ವಾರಕ್ಕೆ ವೋಲ್ಟೇಜು ಕೊಟ್ಟರೆ ಕಾಲುವೆ ತೆರೆಯುತ್ತದೆ, ತೆಗೆದರೆ ಮುಚ್ಚುತ್ತದೆ. ತೆರೆದದ್ದು ಒಂದು, ಮುಚ್ಚಿದ್ದು ಸೊನ್ನೆ. ಗಣಕದ ಸಕಲ ಗಣಿತವೂ ಇಷ್ಟರ ಮೇಲೆ ನಿಂತಿದೆ. ಕೆರೆಯ ತೂಬಿನಂತೆಯೇ ಇಲ್ಲಿಯೂ ಇರುವ ಕಷ್ಟವೆಂದರೆ, ಮುಚ್ಚಿದ ಮೇಲೂ ಜಿನುಗುವ ಸೋರಿಕೆ.

ಸೋರಿಕೆಯ ಮೊದಲ ದಾರಿ ದ್ವಾರದ ಕೆಳಗಿನ ನಿರೋಧಕ ಪದರ. ಈ ಪದರ ತೆಳುವಾದಷ್ಟೂ ಕಾಲುವೆಯ ಮೇಲೆ ದ್ವಾರದ ಹಿಡಿತ ಬಿಗಿಯಾಗುವುದರಿಂದ, ಸಿಲಿಕಾನ್ ಡೈಆಕ್ಸೈಡಿನ ಆ ಪೊರೆಯನ್ನು ತೆಳುಗೊಳಿಸುತ್ತ ಬಂದು, ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಅದು 1.2 ನ್ಯಾನೋಮೀಟರಿಗೆ ಇಳಿದಿತ್ತು. ಒಂದು ನ್ಯಾನೋಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಆ ಪೊರೆಯ ದಪ್ಪ ಐದು ಪರಮಾಣುಪದರಗಳಷ್ಟೆ. ಇಂಥ ತೆಳುಗೋಡೆ ಎಲೆಕ್ಟ್ರಾನಿಗೆ ಗೋಡೆಯೇ ಅಲ್ಲ. ಕ್ವಾಂಟಂ ಭೌತಶಾಸ್ತ್ರದ ಪ್ರಕಾರ ಎಲೆಕ್ಟ್ರಾನು ಕಣವಾಗಿರುವಂತೆ ಅಲೆಯೂ ಆಗಿರುವುದರಿಂದ, ಏರಿ ದಾಟಲಾಗದ ಗೋಡೆಯ ಆಚೆಯೂ ಅದು ಕಾಣಿಸಿಕೊಳ್ಳುವ ಸಂಭವವಿರುತ್ತದೆ. ಗೋಡೆ ತೆಳುವಾದಂತೆ ಆ ಸಂಭವ ಘಾತೀಯವಾಗಿ ಏರುತ್ತದೆ. ಸುರಂಗ ಪರಿಣಾಮವೆಂದು ಕರೆಯಲಾಗುವ ಈ ಸೋರಿಕೆಯನ್ನು ತಡೆಯಲು, 2007ರಲ್ಲಿ ಇಂಟೆಲ್ ಸಂಸ್ಥೆ ನಾಲ್ಕು ದಶಕಗಳಿಂದ ನಂಬಿಕೊಂಡು ಬಂದಿದ್ದ ಆ ಪೊರೆಯನ್ನು ಬಿಟ್ಟು, ಹ್ಯಾಫ್ನಿಯಂ ಲೋಹದ ಆಕ್ಸೈಡನ್ನು ಆಶ್ರಯಿಸಬೇಕಾಯಿತು. ಹ್ಯಾಫ್ನಿಯಂ ಪೊರೆ ದಪ್ಪವಾಗಿದ್ದರೂ ದ್ವಾರದ ಪ್ರಭಾವವನ್ನು ಕಾಲುವೆಗೆ ಚೆನ್ನಾಗಿ ಮುಟ್ಟಿಸುತ್ತದೆ.

ಎರಡನೆಯ ಸೋರಿಕೆಗೆ ಇಂಥ ಮದ್ದಿಲ್ಲ. ವಸ್ತುವಿಗೆ ಉಷ್ಣತೆಯಿರುವವರೆಗೂ ಅದರೊಳಗಿನ ಎಲೆಕ್ಟ್ರಾನುಗಳೆಲ್ಲ ಒಂದೇ ಶಕ್ತಿಯವಾಗಿರುವುದಿಲ್ಲ. ಕೆಲವು ಹೆಚ್ಚು ಚಂಚಲವಾಗಿದ್ದು, ಮುಚ್ಚಿದ ತೂಬಿನ ತಲೆಯ ಮೇಲೆ ಹಾರಿ ಹೋಗುತ್ತವೆ. ಕೋಣೆಯ ಉಷ್ಣತೆಯಲ್ಲಿ ಈ ಪ್ರವಾಹವನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಲು ದ್ವಾರದ ವೋಲ್ಟೇಜನ್ನು ಕನಿಷ್ಠ 60 ಮಿಲಿವೋಲ್ಟಿನಷ್ಟು ಇಳಿಸಲೇಬೇಕು. ಲಕ್ಷದಲ್ಲೊಂದು ಪಾಲಿಗೆ ಇಳಿಸಬೇಕಾದರೆ 300 ಮಿಲಿವೋಲ್ಟು ಬೇಕು. ಈ 60 ಎಂಬ ಸಂಖ್ಯೆ ಉಷ್ಣಶಾಸ್ತ್ರದಿಂದ ನೇರವಾಗಿ ಬಂದದ್ದು. ಯಾವ ಕುಶಲಿಯ ಕೈಚಳಕಕ್ಕೂ, ಯಾವ ಲೋಹದ ಶುದ್ಧಿಗೂ ಅದು ಬಗ್ಗುವುದಿಲ್ಲ. ಟ್ರಾನ್ಸಿಸ್ಟರಿನ ಅಳತೆಗಳು ಕುಗ್ಗುತ್ತಿದ್ದರೂ ವೋಲ್ಟೇಜು ಅದೇ ಪ್ರಮಾಣದಲ್ಲಿ ಕುಗ್ಗಲಾರದೆ ಹೋದದ್ದು ಇದರಿಂದಲೇ. ಒಂದು ಕಾಲಕ್ಕೆ 5 ವೋಲ್ಟಿದ್ದದ್ದು ಇಳಿಯುತ್ತ ಇಳಿಯುತ್ತ 1 ವೋಲ್ಟಿನ ಆಸುಪಾಸಿಗೆ ಬಂದು ಬಹುಮಟ್ಟಿಗೆ ಅಲ್ಲಿಯೇ ನಿಂತಿತು. ಡೆನಾರ್ಡನ ಅನುಪಾತ ಮುರಿದುಬಿದ್ದಿತು. ಚಿಪ್ಪಿನ ಚದರ ಸೆಂಟಿಮೀಟರೊಂದರಿಂದ ಹೊಮ್ಮುವ ತಾಪ ಅಡುಗೆಯ ವಿದ್ಯುತ್ ಒಲೆಯ ತಟ್ಟೆಯನ್ನೂ ಮೀರಿಸಿತು.

ಇದರ ಫಲ ಚಿಪ್ಪಿನ ಕೆಲಸಕ್ಕೆ ತಾಳಹಾಕುವ ಒಳಗಡಿಯಾರದ ಮಿಡಿತದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 1971ರ 4004 ಸೆಕೆಂಡಿಗೆ 7.4 ಲಕ್ಷ ಬಾರಿ ಮಿಡಿಯುತ್ತಿತ್ತು. 2004ರ ಪೆಂಟಿಯಂ 4 ಸೆಕೆಂಡಿಗೆ 380 ಕೋಟಿ ಬಾರಿ. ಮೂವತ್ತಮೂರು ವರ್ಷಗಳಲ್ಲಿ ಐದು ಸಾವಿರ ಪಟ್ಟಿನ ಏರಿಕೆಯಿದು. ಆದರೆ ಆ ಬಳಿಕ ಎರಡು ದಶಕ ಕಳೆದರೂ ಅತಿವೇಗದ ಚಿಪ್ಪುಗಳು ಸೆಕೆಂಡಿಗೆ ಸುಮಾರು 600 ಕೋಟಿ ಮಿಡಿತಗಳನ್ನು, ಅದೂ ಅಲ್ಪಕಾಲ ಮಾತ್ರ, ಮುಟ್ಟಿವೆ, ಇಮ್ಮಡಿಯೂ ಆಗಲಿಲ್ಲ. ಒಂದೇ ಸಂಸ್ಕಾರಕವನ್ನು ಓಡಿಸುವ ಬದಲು ನಾಲ್ಕು, ಎಂಟು, ನೂರು ಸಂಸ್ಕಾರಕಗಳನ್ನು ಅಕ್ಕಪಕ್ಕದಲ್ಲಿ ಕೂರಿಸಿ ಕೆಲಸ ಹಂಚುವ ಪದ್ಧತಿ ಬಂದದ್ದು ಸ್ವಇಚ್ಛೆಯಿಂದಲ್ಲ, ಈ ನಿರ್ಬಂಧದಿಂದ. ಅಷ್ಟಾದರೂ ಚಿಪ್ಪಿನ ಎಲ್ಲ ಭಾಗಗಳನ್ನೂ ಏಕಕಾಲದಲ್ಲಿ ಪೂರ್ಣವೇಗದಿಂದ ನಡೆಸುವ ಹಾಗಿಲ್ಲ. ಕೆಲವನ್ನು ಕತ್ತಲೆಯಲ್ಲಿಟ್ಟು ಕೆಲವನ್ನು ಉರಿಸಬೇಕು.

ಕಾಲುವೆ ಕಿರಿದಾದಂತೆ ಇನ್ನೊಂದು ತೊಡಕು ಕಾಣಿಸಿಕೊಂಡಿತು: ನಿರ್ಗಮವು ಉಗಮಕ್ಕೆ ಬಹಳ ಸಮೀಪವಾಗಿ, ದ್ವಾರದ ಅಪ್ಪಣೆಯಿಲ್ಲದೆ ತಾನೇ ಎಲೆಕ್ಟ್ರಾನುಗಳನ್ನು ಸೆಳೆಯತೊಡಗಿತು. ಇದಕ್ಕೆ ಉಪಾಯವಾಗಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ಚೆನ್‌ಮಿಂಗ್ ಹೂ ಮತ್ತು ಸಹೋದ್ಯೋಗಿಗಳು ಕಾಲುವೆಯನ್ನು ಮೀನಿನ ಈಜುರೆಕ್ಕೆಯಂತೆ ನೆಟ್ಟಗೆ ನಿಲ್ಲಿಸಿ, ಮೂರು ಕಡೆಯಿಂದಲೂ ದ್ವಾರವು ಅದನ್ನು ತಬ್ಬಿಕೊಳ್ಳುವಂತೆ ಮಾಡಿದರು. ಫಿನ್‌ಫೆಟ್ ಎಂಬ ಈ ರಚನೆ 2012ರಲ್ಲಿ ಮಾರುಕಟ್ಟೆಯ ಚಿಪ್ಪುಗಳಿಗೆ ಬಂದಿತು. 2022ರಲ್ಲಿ ಸ್ಯಾಮ್‌ಸಂಗ್ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದರ ಮೇಲೊಂದು ಜೋಡಿಸಿದ ತೆಳುಹಾಳೆಗಳ ನಾಲ್ಕೂ ಕಡೆ ದ್ವಾರವಿರುವ ರಚನೆಯನ್ನು ಉತ್ಪಾದನೆಗೆ ತಂದಿತು. ನಾಲ್ಕಾದ ಮೇಲೆ ಐದನೆಯ ಕಡೆಯೆಂಬುದಿಲ್ಲ. ಕಾಲುವೆಯ ಉದ್ದ ಐದು ನ್ಯಾನೋಮೀಟರಿಗಿಂತ ಕಡಿಮೆಯಾದಾಗ ಎಲೆಕ್ಟ್ರಾನುಗಳು ಉಗಮದಿಂದ ನಿರ್ಗಮಕ್ಕೇ ನೇರವಾಗಿ ಸುರಂಗ ಕೊರೆದುಕೊಂಡು ಹೋಗುವುದರಿಂದ, ಎಷ್ಟು ಬಿಗಿಯಾಗಿ ತಬ್ಬಿದರೂ ಫಲವಿಲ್ಲ.

ಇಲ್ಲಿ ಓದುಗರನ್ನು ಒಂದು ತಪ್ಪು ತಿಳಿವಳಿಕೆಯಿಂದ ತಪ್ಪಿಸಬೇಕಾಗಿದೆ. 7 ನ್ಯಾನೋಮೀಟರ್, 3 ನ್ಯಾನೋಮೀಟರ್ ಎಂಬುದಾಗಿ ಜಾಹೀರಾತುಗಳಲ್ಲಿ ಬರುವ ಸಂಖ್ಯೆಗಳು ಚಿಪ್ಪಿನ ಯಾವ ಭಾಗದ ಅಳತೆಯೂ ಅಲ್ಲ. ಅವು ತಲೆಮಾರುಗಳ ವ್ಯಾಪಾರೀ ಹೆಸರುಗಳು. 3 ನ್ಯಾನೋಮೀಟರಿನದೆನ್ನಿಸುವ ಚಿಪ್ಪಿನಲ್ಲಿ ಒಂದು ದ್ವಾರದಿಂದ ಮುಂದಿನ ದ್ವಾರಕ್ಕೆ ಸುಮಾರು 48 ನ್ಯಾನೋಮೀಟರುಗಳ ಅಂತರವಿರುತ್ತದೆ. ಸಿಲಿಕಾನ್ ಸ್ಫಟಿಕದ ಮೂಲಕೋಶದ ಬಾಹು 0.543 ನ್ಯಾನೋಮೀಟರ್ ಎಂಬುದನ್ನು ನೆನೆದರೆ, ಪರಮಾಣುವಿನ ಗಡಿ ಇನ್ನೂ ಸ್ವಲ್ಪ ದೂರದಲ್ಲಿದೆ.

ಆದರೆ ಆ ಗಡಿಯ ಗಾಳಿ ಈಗಾಗಲೇ ಬೀಸತೊಡಗಿದೆ. ಸಿಲಿಕಾನಿಗೆ ಬೇಕಾದ ವಿದ್ಯುದ್ಗುಣವನ್ನು ತರಲು ಬೋರಾನ್, ರಂಜಕ ಮೊದಲಾದ ಅನ್ಯಪರಮಾಣುಗಳನ್ನು ಅದರಲ್ಲಿ ಬೆರೆಸುತ್ತಾರೆ. ಘನ ಸೆಂಟಿಮೀಟರಿಗೆ ಹತ್ತರ ಹದಿನೆಂಟನೆಯ ಘಾತದಷ್ಟು ಅನ್ಯಪರಮಾಣುಗಳೆಂದರೆ ಕೇಳಲು ಅಪಾರ. ಆದರೆ ಪ್ರತಿ ಬದಿಯೂ 20 ನ್ಯಾನೋಮೀಟರಿನ ಒಂದು ಘನವನ್ನು ಕಲ್ಪಿಸಿಕೊಂಡು ಲೆಕ್ಕಹಾಕಿದರೆ, ಅದರೊಳಗೆ ಸುಮಾರು ನಾಲ್ಕು ಲಕ್ಷ ಸಿಲಿಕಾನ್ ಪರಮಾಣುಗಳ ನಡುವೆ ಇಂಥ ಅನ್ಯಪರಮಾಣುಗಳು ಎಂಟು ಮಾತ್ರ ಇರುತ್ತವೆ. ಎಂಟೆಂಬುದೂ ಸರಾಸರಿ, ಒಂದರಲ್ಲಿ ಐದು, ಪಕ್ಕದ ಇನ್ನೊಂದರಲ್ಲಿ ಹನ್ನೊಂದು ಬೀಳುವುದು ಸಂಭವನೀಯತೆಯ ನಿಯಮಕ್ಕೆ ಅನುಸಾರವಾದದ್ದೇ. ಬೆರಳಲ್ಲಿ ಎಣಿಸಬಹುದಾದ ಈ ಪರಮಾಣುಗಳಲ್ಲಿ ಎರಡು ಮೂರರ ವ್ಯತ್ಯಾಸವಾದರೂ ಒಂದೇ ಅಚ್ಚಿನಲ್ಲಿ ಹುಟ್ಟಿದ ಎರಡು ಟ್ರಾನ್ಸಿಸ್ಟರುಗಳು ಎರಡು ಬಗೆಯಾಗಿ ವರ್ತಿಸುತ್ತವೆ. ಕಾಲುವೆಯಲ್ಲಿ ಅನ್ಯಪರಮಾಣುಗಳೇ ಇಲ್ಲದಂತೆ ಮಾಡಿ ಫಿನ್‌ಫೆಟ್ ಈ ತೊಂದರೆಯನ್ನು ಬಹುಮಟ್ಟಿಗೆ ಕಳೆಯಿತು.

ಇಷ್ಟು ಸೂಕ್ಷ್ಮವಾದ ರೇಖೆಗಳನ್ನು ಬಿಡಿಸುವುದು ಬೆಳಕಿನಿಂದ. ಛಾಯಾಚಿತ್ರವನ್ನು ಅಚ್ಚುಹಾಕುವಂತೆ, ಬೆಳಕಿಗೆ ಸ್ಪಂದಿಸುವ ಲೇಪವುಳ್ಳ ಸಿಲಿಕಾನ್ ಬಿಲ್ಲೆಯ ಮೇಲೆ ನಕ್ಷೆಯ ನೆರಳನ್ನು ಬೀಳಿಸುತ್ತಾರೆ. ಬೆಳಕಿನ ತರಂಗದೂರ ಕಿರಿದಾದಷ್ಟೂ ರೇಖೆ ಕಿರಿದಾಗುತ್ತದೆ. ಬಹುಕಾಲ 193 ನ್ಯಾನೋಮೀಟರಿನ ಅತಿನೇರಳೆ ಬೆಳಕಿನಿಂದಲೇ, ಮಸೂರಕ್ಕೂ ಬಿಲ್ಲೆಗೂ ನಡುವೆ ನೀರು ತುಂಬಿ, ಒಂದೇ ನಕ್ಷೆಯನ್ನು ಹಲವು ಕಂತುಗಳಲ್ಲಿ ಅಚ್ಚೊತ್ತಿ ಕೆಲಸ ಸಾಗಿಸಿದರು. ಈಗಿನ ಬೆಳಕಿನ ತರಂಗದೂರ 13.5 ನ್ಯಾನೋಮೀಟರ್. ಅದನ್ನು ಉಂಟುಮಾಡುವ ಯಂತ್ರವನ್ನು ಜಗತ್ತಿನಲ್ಲಿ ಮಾರಾಟಕ್ಕೆ ತಯಾರಿಸುವ ಸಂಸ್ಥೆ ನೆದರ್‌ಲ್ಯಾಂಡ್ಸಿನ ವೆಲ್ಡ್‌ಹೋವನ್ ಊರಿನ ಎಎಸ್‌ಎಂಎಲ್ ಒಂದೇ. ನಿರ್ವಾತದಲ್ಲಿ, ಕೂದಲೆಳೆಗಿಂತ ಸಣ್ಣದಾದ ಕರಗಿದ ತವರದ ಹನಿಗಳು ಸೆಕೆಂಡಿಗೆ 50,000ದಂತೆ ಚಿಮ್ಮುತ್ತಿರುತ್ತವೆ. ಹಾರುತ್ತಿರುವ ಒಂದೊಂದು ಹನಿಯನ್ನೂ ಲೇಸರಿನ ಮೊದಲ ಪೆಟ್ಟು ದೋಸೆಯಂತೆ ಚಪ್ಪಟೆಮಾಡುತ್ತದೆ, ಎರಡನೆಯ ಪೆಟ್ಟು ಅದನ್ನು ಸೂರ್ಯನ ಮೇಲ್ಮೈಗಿಂತ ಹಲವು ಪಟ್ಟು ಬಿಸಿಯಾದ ಪ್ಲಾಸ್ಮಾ ಆಗಿ ಸ್ಫೋಟಿಸುವಂತೆ ಮಾಡುತ್ತದೆ. ಆ ಕ್ಷಣದ ಮಿಂಚೇ ಬೇಕಾದ ಬೆಳಕು. ಈ ಬೆಳಕನ್ನು ಗಾಜು ಮಾತ್ರವಲ್ಲ, ಗಾಳಿಯೂ ನುಂಗಿಬಿಡುವುದರಿಂದ ಮಸೂರಗಳ ಬದಲು ಮಾಲಿಬ್ಡಿನಂ ಮತ್ತು ಸಿಲಿಕಾನಿನ ಪದರಪದರದ ಕನ್ನಡಿಗಳನ್ನು ಬಳಸಬೇಕಾಗಿದೆ. ಪ್ರತಿ ಕನ್ನಡಿಯೂ ನೂರಕ್ಕೆ ಎಪ್ಪತ್ತು ಪಾಲನ್ನಷ್ಟೇ ಹಿಂದಿರುಗಿಸುವುದರಿಂದ, ಹತ್ತು ಸಲ ಪ್ರತಿಫಲಿಸುವುದರೊಳಗೆ ನೂರಕ್ಕೆ ಮೂರು ಪಾಲೂ ಉಳಿಯುವುದಿಲ್ಲ.

ಈ ಯಂತ್ರ ಮಾನವಕೌಶಲದ ಶಿಖರಗಳಲ್ಲೊಂದು ಎಂಬುದರಲ್ಲಿ ಸಂದೇಹವಿಲ್ಲ. ಆದರೂ ಇಲ್ಲಿಯೂ ಒಂದು ಮಿತಿ ಕಾದಿದೆ. 13.5 ನ್ಯಾನೋಮೀಟರಿನ ಒಂದೊಂದು ಬೆಳಕಿನ ಕಣವೂ ಹಿಂದಿನ ಬೆಳಕಿನ ಕಣಕ್ಕಿಂತ ಹದಿನಾಲ್ಕು ಪಟ್ಟು ಶಕ್ತಿಯುಳ್ಳದ್ದಾದ್ದರಿಂದ, ಅಷ್ಟೇ ಶಕ್ತಿಯಲ್ಲಿ ಕಣಗಳ ಸಂಖ್ಯೆ ಹದಿನಾಲ್ಕರಲ್ಲೊಂದು ಪಾಲು. ಚಿಕ್ಕದೊಂದು ರಂಧ್ರದ ಮೇಲೆ ಬೀಳುವ ಕಣಗಳು ಕೆಲವೇ ಆದಾಗ, ಮೊದಲ ಮಳೆಯ ದಪ್ಪ ಹನಿಗಳು ಅಂಗಳದ ಒಂದು ಕಲ್ಲನ್ನು ತೋಯಿಸಿ ಪಕ್ಕದ್ದನ್ನು ಒಣಗಿದಂತೆಯೇ ಬಿಡುವ ಹಾಗೆ, ಒಂದು ರಂಧ್ರ ಮೂಡಿ ಇನ್ನೊಂದು ಮೂಡದೆ ಹೋಗುತ್ತದೆ.

ತಂತಿಗಳ ಕಥೆಯೂ ಇದಕ್ಕಿಂತ ಹಿತವಾದದ್ದಲ್ಲ. ತಾಮ್ರದೊಳಗೆ ಎಲೆಕ್ಟ್ರಾನು ಡಿಕ್ಕಿಹೊಡೆಯದೆ ಸಾಗುವ ಸರಾಸರಿ ದೂರ ಸುಮಾರು 39 ನ್ಯಾನೋಮೀಟರ್. ತಂತಿಯ ಅಗಲ ಅದಕ್ಕಿಂತ ಕಡಿಮೆಯಾದೊಡನೆ ಎಲೆಕ್ಟ್ರಾನು ಪದೇಪದೇ ಅಂಚಿಗೆ ಬಡಿಯುತ್ತ ಪ್ರತಿರೋಧ ತೀವ್ರವಾಗಿ ಏರುತ್ತದೆ. ಆದುದರಿಂದ ಕೆಳಪದರದ ತಂತಿಗಳಿಗೆ ಕೋಬಾಲ್ಟ್, ರುಥೇನಿಯಂ ಮೊದಲಾದ ಲೋಹಗಳನ್ನು ಪ್ರಯೋಗಿಸುತ್ತಿದ್ದಾರೆ. ಗಣನೆಗಿಂತ ಸಾಗಾಟವೇ ದುಬಾರಿಯೆಂಬುದು ಇಂದಿನ ಗಣಕದ ದೊಡ್ಡ ಸತ್ಯ: ಎರಡು ಸಂಖ್ಯೆಗಳನ್ನು ಕೂಡಲು ತಗಲುವ ಶಕ್ತಿಗಿಂತ, ಅವುಗಳನ್ನು ಹೊರಗಿನ ಸ್ಮೃತಿಕೋಶದಿಂದ ತರಲು ತಗಲುವ ಶಕ್ತಿ ಸಾವಿರಾರು ಪಟ್ಟು ಹೆಚ್ಚು.

ಇವೆಲ್ಲದರ ಅಡಿಯಲ್ಲಿ ಒಂದು ಆತ್ಯಂತಿಕ ಮಿತಿಯಿದೆ. 1961ರಲ್ಲಿ ರಾಲ್ಫ್ ಲ್ಯಾಂಡೌರ್ ತೋರಿಸಿದಂತೆ, ಒಂದು ಬಿಟ್ ಮಾಹಿತಿಯನ್ನು ಅಳಿಸುವಾಗ ಒಂದು ನಿರ್ದಿಷ್ಟ ಕನಿಷ್ಠ ತಾಪ ಹೊಮ್ಮಲೇಬೇಕು. 2012ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ನಡೆದ ಪ್ರಯೋಗ ಇದನ್ನು ಸಮರ್ಥಿಸಿತು. ಇಂದಿನ ಚಿಪ್ಪುಗಳು ವ್ಯಯಮಾಡುವ ಶಕ್ತಿ ಇದರ ಸಾವಿರಾರು ಪಟ್ಟು ಇರುವುದರಿಂದ, ಈ ಗಡಿ ಸದ್ಯಕ್ಕೆ ಅಡ್ಡಿಯಲ್ಲ. ಹಣದ ಗಡಿಯೇ ಹೆಚ್ಚು ಸಮೀಪದ್ದು: ಅತ್ಯಾಧುನಿಕ ಕಾರ್ಖಾನೆಯೊಂದಕ್ಕೆ ಈಗ ಸುಮಾರು 2,000 ಕೋಟಿ ಡಾಲರುಗಳು ಬೇಕಾಗಿದ್ದು, ಈ ಓಟದ ಮುಂಚೂಣಿಯಲ್ಲಿ ತೈವಾನಿನ ಟಿಎಸ್‌ಎಂಸಿ, ಸ್ಯಾಮ್‌ಸಂಗ್ ಮತ್ತು ಇಂಟೆಲ್ ಮೂರೇ ಉಳಿದಿವೆ.

ಮುಂದಿನ ದಾರಿಗಳಲ್ಲಿ ಅತ್ಯಂತ ಸಮೀಪದ್ದು ಸಿಲಿಕಾನನ್ನು ಬಿಡದೆ ಎತ್ತರಕ್ಕೆ ಬೆಳೆಯುವುದು. ಸ್ಮೃತಿಚಿಪ್ಪುಗಳಲ್ಲಿ ಇನ್ನೂರಕ್ಕೂ ಹೆಚ್ಚು ಅಂತಸ್ತುಗಳು ಈಗಾಗಲೇ ಬಂದಿವೆ. ಒಂದು ದೊಡ್ಡ ಚಿಪ್ಪಿನ ಬದಲು ಹಲವು ಕಿರುಚಿಪ್ಪುಗಳನ್ನು ಒತ್ತಾಗಿ ಜೋಡಿಸುವ ಪದ್ಧತಿಯೂ, ವಿದ್ಯುತ್ತನ್ನು ಬಿಲ್ಲೆಯ ಬೆನ್ನಿನ ಕಡೆಯಿಂದ ಒದಗಿಸುವ ಪದ್ಧತಿಯೂ ರೂಢಿಗೆ ಬರುತ್ತಿವೆ. ಆದರೆ ಅಂತಸ್ತುಗಳು ಹೆಚ್ಚಿದಷ್ಟೂ ನಡುವಿನ ಅಂತಸ್ತಿನ ತಾಪಕ್ಕೆ ಹೊರದಾರಿ ಕಿರಿದಾಗುವುದರಿಂದ, ಹಳೆಯ ಗಡಿಯೇ ಹೊಸ ಬಾಗಿಲಿನಲ್ಲಿ ಬಂದು ನಿಲ್ಲುತ್ತದೆ.

ಕಾಲುವೆಯ ವಸ್ತುವನ್ನೇ ಬದಲಿಸುವುದು ಇನ್ನೊಂದು ದಾರಿ. 1991ರಲ್ಲಿ ಜಪಾನಿನ ಸುಮಿಯೋ ಇಜಿಮಾ ವಿವರಿಸಿದ ಇಂಗಾಲದ ನ್ಯಾನೋನಳಿಗೆಗಳಲ್ಲಿ ಎಲೆಕ್ಟ್ರಾನುಗಳು ಬಹು ಸರಾಗವಾಗಿ ಓಡುತ್ತವೆ. 2013ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ 178 ಟ್ರಾನ್ಸಿಸ್ಟರುಗಳ ನಳಿಗೆಗಣಕವನ್ನೂ, 2019ರಲ್ಲಿ ಎಂಐಟಿಯಲ್ಲಿ 14,000ಕ್ಕೂ ಹೆಚ್ಚು ಟ್ರಾನ್ಸಿಸ್ಟರುಗಳ 16 ಬಿಟ್ ಸಂಸ್ಕಾರಕವನ್ನೂ ಕಟ್ಟಿದರು. ತಾನೇತಾನಾಗಿ ಬೆಳೆದ ನಳಿಗೆಗಳಲ್ಲಿ ಮೂರರಲ್ಲೊಂದು ಪಾಲು ಅರೆವಾಹಕವಾಗದೆ ಲೋಹದಂತೆ ವರ್ತಿಸಿ, ಎಂದೂ ಮುಚ್ಚದ ತೂಬಾಗಿಬಿಡುವುದು ಇಲ್ಲಿನ ಮುಖ್ಯ ತೊಡಕು. ಎಷ್ಟು ಶುದ್ಧಿಮಾಡಿದರೂ ಕೆಲವು ಉಳಿದೇ ಉಳಿಯುವುದನ್ನು ಒಪ್ಪಿಕೊಂಡು, ಅವನ್ನು ಸಹಿಸಿಕೊಳ್ಳುವಂತೆ ಮಂಡಲವನ್ನೇ ರೂಪಿಸಿದ್ದು ಎಂಐಟಿಯವರ ಜಾಣ್ಮೆ. ಒಂದೇ ಪರಮಾಣು ದಪ್ಪದ ಗ್ರಾಫೀನಿನ ಬಗ್ಗೆ, 2010ರ ನೊಬೆಲ್ ಬಹುಮಾನದ ಬಳಿಕ ಎದ್ದ ಆಸೆಗಳು ಅತಿಯಾಗಿದ್ದವು. ಅದರಲ್ಲಿ ಶಕ್ತಿಯ ಅಂತರವೆಂಬುದಿಲ್ಲದ ಕಾರಣ ಅದು ಸ್ವಭಾವತಃ ಮುಚ್ಚಲಾರದು. ಮಾಲಿಬ್ಡಿನಂ ಡೈಸಲ್ಫೈಡ್ ಎಂಬ ಪದರವಸ್ತು ಹಾಗಲ್ಲ. ಸಿಲಿಕಾನಿನ ಹಾಳೆಯನ್ನು ಮೂರು ನಾಲ್ಕು ನ್ಯಾನೋಮೀಟರಿಗಿಂತ ತೆಳುಗೊಳಿಸಿದರೆ ಮೇಲ್ಮೈಯ ಉಬ್ಬುತಗ್ಗುಗಳೇ ಎಲೆಕ್ಟ್ರಾನಿನ ಓಟವನ್ನು ಕೆಡಿಸುತ್ತವೆ; ಈ ವಸ್ತುವಾದರೋ 0.65 ನ್ಯಾನೋಮೀಟರಿನ ಒಂಟಿಪದರದಲ್ಲಿಯೂ ನುಣುಪಾದ ಅರೆವಾಹಕವಾಗಿಯೇ ಇರುತ್ತದೆ. ಇಂಥ ಪದರವಸ್ತುಗಳ ಕುರಿತು ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ. ಎನ್. ಆರ್. ರಾವ್ ಅವರ ಬಳಗ ಮೊದಲ ದಿನಗಳಿಂದಲೂ ಕೆಲಸಮಾಡಿದೆ. ಸಿಲಿಕಾನ್ ಕಾಲುವೆಗೆ ಉತ್ತರಾಧಿಕಾರಿಯೊಂದಿದ್ದರೆ ಅದು ಈ ವಂಶದಿಂದ ಬರುವುದೆಂದು ನಂಬಲು ಸಕಾರಣವಿದೆ. ಆದರೆ ಬಿಲ್ಲೆಯಗಲಕ್ಕೂ ದೋಷವಿಲ್ಲದೆ ಅದನ್ನು ಬೆಳೆಸುವುದೂ ಲೋಹದೊಡನೆ ಒಳ್ಳೆಯ ಸಂಪರ್ಕ ಕೊಡುವುದೂ ಇನ್ನೂ ಕಷ್ಟವಾಗಿಯೇ ಉಳಿದಿವೆ.

60 ಮಿಲಿವೋಲ್ಟಿನ ಮಿತಿಯನ್ನೇ ತಪ್ಪಿಸುವ ಸಾಹಸವೂ ನಡೆದಿದೆ. ಎಲೆಕ್ಟ್ರಾನು ಗೋಡೆಯನ್ನು ಹಾರುವ ಬದಲು ಸುರಂಗದಲ್ಲಿಯೇ ದಾಟುವಂತೆ ಮಾಡಿ, ಶತ್ರುವಾಗಿದ್ದ ಪರಿಣಾಮವನ್ನು ಸೇವಕನನ್ನಾಗಿಸುವ ಟ್ರಾನ್ಸಿಸ್ಟರು ಒಂದು. 2008ರಲ್ಲಿ ಸಯೀಫ್ ಸಲಾಹುದ್ದೀನ್ ಮತ್ತು ಸುಪ್ರಿಯೋ ದತ್ತ ಸೂಚಿಸಿದ ಋಣಧಾರಕತೆಯ ಟ್ರಾನ್ಸಿಸ್ಟರು ಇನ್ನೊಂದು. ಎಲೆಕ್ಟ್ರಾನುಗಳ ಬದಲು ಬೆಳಕನ್ನೇ ಬಳಸೋಣವೆಂದರೆ, ಬೆಳಕಿನ ಕಣಗಳು ಮಾಹಿತಿಯನ್ನು ಸಾಗಿಸುವುದರಲ್ಲಿ ಅದ್ವಿತೀಯವಾದರೂ, ಒಂದನ್ನೊಂದು ಮುಟ್ಟದೆ ಹಾದುಹೋಗುವುದರಿಂದಲೂ ಅವುಗಳ ತರಂಗದೂರ ಟ್ರಾನ್ಸಿಸ್ಟರಿಗಿಂತ ಎಷ್ಟೋ ಪಾಲು ದೊಡ್ಡದಾದುದರಿಂದಲೂ ಗಣನೆಗೆ ಸುಲಭವಾಗಿ ಒಗ್ಗವು. ಎಲೆಕ್ಟ್ರಾನಿನ ಗಿರಕಿಯನ್ನು ಬಳಸುವ ಕಾಂತಸ್ಮೃತಿಗಳು ವಿದ್ಯುತ್ ಹೋದರೂ ಮರೆಯದಿರುವ ಗುಣದಿಂದ ಆಗಲೇ ಮಾರುಕಟ್ಟೆಯಲ್ಲಿವೆ. ಪ್ರತಿರೋಧವೇ ಇಲ್ಲದ ಅತಿವಾಹಕಗಳಿಂದ ಗಣಕ ಕಟ್ಟುವ ದಾರಿಯನ್ನೂ ಹುಡುಕಿದ್ದುಂಟು, ಆದರೆ ಆ ಯೋಜನೆಯನ್ನು ಐಬಿಎಂ ಸಂಸ್ಥೆ 1983ರಲ್ಲಿ ಕೈಬಿಟ್ಟಿತು.

ಕ್ವಾಂಟಂ ಗಣಕವನ್ನು ಈ ಸಾಲಿನಲ್ಲಿ ಸೇರಿಸುವುದು ವಾಡಿಕೆಯಾದರೂ ಅದು ಸರಿಯಲ್ಲ. 1994ರಲ್ಲಿ ಪೀಟರ್ ಶೋರ್ ತೋರಿಸಿದಂತೆ ದೊಡ್ಡ ಸಂಖ್ಯೆಗಳ ಅಪವರ್ತನಗಳನ್ನು ಕಂಡುಹಿಡಿಯುವಂಥ ಕೆಲವು ವಿಶೇಷ ಪ್ರಶ್ನೆಗಳಲ್ಲಿ ಅದರ ಶಕ್ತಿ ಅಗಾಧ. ಆದರೆ ನಿತ್ಯದ ಲೆಕ್ಕಪತ್ರಕ್ಕೆ ಅದರಿಂದ ಲಾಭವಿಲ್ಲ. ಅದರ ಮೂಲಘಟಕಗಳಾದ ಅತಿವಾಹಕ ಕ್ಯೂಬಿಟ್ಟುಗಳನ್ನು ನಿರಪೇಕ್ಷ ಶೂನ್ಯದಿಂದ ಡಿಗ್ರಿಯ ನೂರರಲ್ಲೊಂದೆರಡು ಪಾಲಿನಷ್ಟೇ ಮೇಲಿರುವ ಶೈತ್ಯದಲ್ಲಿಡಬೇಕು, ಅವುಗಳ ಸುತ್ತ ಸಾಮಾನ್ಯ ಸಿಲಿಕಾನ್ ಚಿಪ್ಪುಗಳೇ ಕಾವಲು ನಿಂತು ಅವನ್ನು ನಡೆಸಬೇಕು.

ಗಣಿಸುವ ರೀತಿಯನ್ನೇ ಬದಲಿಸುವ ಮಾರ್ಗ ಹೆಚ್ಚು ಆಶಾದಾಯಕವಾಗಿ ತೋರುತ್ತದೆ. ಮನುಷ್ಯನ ಮೆದುಳು ಕೇವಲ 20 ವ್ಯಾಟ್ ಶಕ್ತಿಯಲ್ಲಿ ಕೆಲಸಮಾಡುತ್ತದೆ. ಅದರಲ್ಲಿ ಸ್ಮೃತಿಗೂ ಗಣನೆಗೂ ಬೇರೆಬೇರೆ ಮನೆಗಳಿಲ್ಲ, ಆದ್ದರಿಂದ ಅವೆರಡರ ನಡುವೆ ಸಾಗಾಟದ ವೆಚ್ಚವೂ ಇಲ್ಲ. ಕಾರ್ವರ್ ಮೀಡ್ 1980ರ ದಶಕದಲ್ಲಿ ಆರಂಭಿಸಿದ, ಮೆದುಳನ್ನು ಅನುಕರಿಸುವ ಚಿಂತನೆಯ ಫಲವಾಗಿ, 2014ರಲ್ಲಿ ಐಬಿಎಂ ಸಂಸ್ಥೆ ಹತ್ತು ಲಕ್ಷ ಕೃತಕ ನರಕೋಶಗಳ ಟ್ರೂನಾರ್ತ್ ಚಿಪ್ಪನ್ನು ಹೊರತಂದಿತು. ಅದರ ವ್ಯಯ ಸುಮಾರು 70 ಮಿಲಿವ್ಯಾಟ್ ಮಾತ್ರ. ತನ್ನ ಮೂಲಕ ಹಿಂದೆ ಹರಿದ ವಿದ್ಯುತ್ತನ್ನು ನೆನಪಿಟ್ಟುಕೊಳ್ಳುವ, 1971ರಲ್ಲಿ ಲಿಯಾನ್ ಚುವಾ ಗಣಿತದಿಂದ ಊಹಿಸಿದ ಮೆಮ್‌ರಿಸ್ಟರು ಇಂಥ ಗಣನೆಗೆ ಹೇಳಿಮಾಡಿಸಿದ ಸಾಧನ. 2024ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀತೋಷ್ ಗೋಸ್ವಾಮಿ ಮತ್ತು ಸಂಗಡಿಗರು ಲೋಹಸಾವಯವ ಅಣುಗಳ ತೆಳುಪೊರೆಯೊಂದರಲ್ಲಿ, ಸೊನ್ನೆ ಮತ್ತು ಒಂದು ಎಂಬ ಎರಡೇ ಸ್ಥಿತಿಗಳ ಬದಲು ಒಂದರಿಂದೊಂದನ್ನು ಬೇರ್ಪಡಿಸಿ ಗುರುತಿಸಬಹುದಾದ ಸುಮಾರು 16,500 ಸ್ಥಿತಿಗಳನ್ನು ಸಾಧಿಸಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಪೊರೆಯ ಸಂಧಿಗಳಲ್ಲಿ ಅಣುಗಳೂ ಅಯಾನುಗಳೂ ಮೆಲ್ಲಗೆ ಸರಿದಾಡಿ ಉಂಟುಮಾಡುವ ವಾಹಕತೆಯ ಏರಿಳಿತವೇ ಅಲ್ಲಿ ಗುಣಾಕಾರ, ಅದೇ ಅಲ್ಲಿ ನೆನಪು. ಅದನ್ನು ಮಾಮೂಲಿನ ಮೇಜುಗಣಕವೊಂದಕ್ಕೆ ಜೋಡಿಸಿ, ಜೇಮ್ಸ್ ವೆಬ್ ದೂರದರ್ಶಕ ಕಳುಹಿಸಿದ ದತ್ತಾಂಶದಿಂದ ಸೃಷ್ಟಿಸ್ತಂಭಗಳೆಂದು ಪ್ರಸಿದ್ಧವಾದ ನೀಹಾರಿಕೆಯ ಚಿತ್ರವನ್ನು ಅವರು ಮರಳಿ ಮೂಡಿಸಿದರು.